ಗಂಡುಕೂಸು ತಡ

ಸುಗನ್ಯಾಳ ಅವಳಿ ಮಕ್ಕಳಿಗೆ ಎರಡೂವರೆ ವರ್ಷ ತುಂಬಿತ್ತು. ಮಗಳು ಅಭಿನಯಾ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಎಂದು ಆಗಲೇ ಬೇರೆ ಮಾಡಿ ಮಾತಾಡುತ್ತಿದ್ದಳು. ಮಗ ವಿಮಲ್‌ನ ಬಾಯಲ್ಲಿ ಒಂದು ಪದವೂ ಇರಲಿಲ್ಲ. ಅವನು ಬೆರಳು ತೋರಿಸಿದರೆ, ನೀರು ಬೇಕೋ ಅನ್ನ ಬೇಕೋ ಎಂದು ಅಭಿನಯಾಳೇ ಹೇಳುತ್ತಿದ್ದಳು.

ಅತ್ತೆ ಮುತ್ತಮ್ಮಾಳ್‌ಗೆ ಅದೊಂದು ಚಿಂತೆಯೇ ಅಲ್ಲ. "ಹೆಣ್ಣುಕೂಸು ಬೇಗ, ಗಂಡುಕೂಸು ತಡ. ನಿನ್ನ ಗಂಡನೂ ನಾಕು ವರ್ಷಕ್ಕೇ ಬಾಯಿ ಬಿಟ್ಟದ್ದು. ಸುಮ್ನೆ ಇರು ಕಣ್ಣು," ಎಂದು ಮುದ್ದಿನಿಂದ ಹೇಳಿದಳು. ಗಣಪತಿ ಎಂಬ ಬಡಾವಣೆಯ ಆ ಬೀದಿಯಲ್ಲಿ ಎಲ್ಲರೂ ಹಾಗೇ ಹೇಳಿದರು. ಕುರಿಚಿಯ ಫೌಂಡ್ರಿಯಿಂದ ದಣಿದು ಬರುತ್ತಿದ್ದ ಗಂಡ ಪ್ರೇಮ್ ಕುಮಾರ್ ಕೂಡ ಅಮ್ಮ ಹೇಳುವುದೇ ಸರಿ ಎಂದು ಊಟಕ್ಕೆ ಕೂರುತ್ತಿದ್ದ.

ಒಂದು ದಿನ ಸುಗನ್ಯಾಳ ಕೈಯಿಂದ ದೊಡ್ಡ ತಟ್ಟೆ ಜಾರಿ ಬಿತ್ತು. ಅಭಿನಯಾ ಬೆಚ್ಚಿ ಅತ್ತಳು. ಬೆನ್ನು ಮಾಡಿ ಕೂತಿದ್ದ ವಿಮಲ್ ತನ್ನ ಪಾಡಿಗೆ ನಟ್ಟು ಬೋಲ್ಟು ಜೋಡಿಸುತ್ತಲೇ ಇದ್ದ. ಸುಗನ್ಯಾ ಅದನ್ನು ಯಾರಿಗೂ ಹೇಳಲಿಲ್ಲ. ಆ ವಾರವೆಲ್ಲ ಮನೆಯಲ್ಲಿ ಯಾರೂ ಇಲ್ಲದಾಗ ಅವನ ಹಿಂದೆ ನಿಂತು ಚಪ್ಪಾಳೆ ತಟ್ಟಿ ನೋಡಿದಳು. ಒಮ್ಮೊಮ್ಮೆ ತಿರುಗುತ್ತಿದ್ದ, ಹೆಚ್ಚಿನ ಸಲ ಇಲ್ಲ.

ಬುಧವಾರ ಅವನೊಬ್ಬನನ್ನೇ ಎತ್ತಿಕೊಂಡು ಬಸ್ಸು ಹತ್ತಿದಳು. ಆಸ್ಪತ್ರೆಯಲ್ಲಿ ಪರೀಕ್ಷೆ ಮುಗಿಯುವಾಗ ಮಧ್ಯಾಹ್ನ ಕಳೆದಿತ್ತು. ಗಂಡುಮಕ್ಕಳು ಸ್ವಲ್ಪ ತಡವಾಗಿ ಮಾತಾಡುವುದು ನಿಜ, ಆದರೆ ಆ ವ್ಯತ್ಯಾಸ ಒಂದೆರಡು ತಿಂಗಳದ್ದು, ವರ್ಷಗಳದ್ದಲ್ಲ ಎಂದು ಡಾಕ್ಟರಮ್ಮ ತಮಿಳಿನಲ್ಲಿ ಬಿಡಿಸಿ ಹೇಳಿದರು. ವಿಮಲ್‌ಗೆ ಎರಡು ಕಿವಿಯೂ ಮಂದ. ಯಂತ್ರ ಹಾಕಿದರೆ ಕೇಳುತ್ತದೆ. ಮನೆಯಲ್ಲಿ ಬೇರೆ ಯಾರಾದರೂ ತಡವಾಗಿ ಮಾತಾಡಿದ್ದುಂಟೇ ಎಂದೂ ಕೇಳಿದರು.

ಗಂಡ ನಾಲ್ಕು ವರ್ಷಕ್ಕೆ ಬಾಯಿ ಬಿಟ್ಟದ್ದು ಎಂಬ ಅತ್ತೆಯ ಮಾತು ಸುಗನ್ಯಾಳಿಗೆ ನೆನಪಾಯಿತು. ಮದುವೆಯಾದಾಗಿನಿಂದ ಅವಳು ಕರೆದಾಗಲೆಲ್ಲ ಗಂಡ ಎಡಗಿವಿಯನ್ನೇ ತಿರುಗಿಸುತ್ತಿದ್ದ. ಫೌಂಡ್ರಿಯ ಸದ್ದಿನಿಂದ ಹಾಗಾಗಿದೆ ಎಂದುಕೊಂಡಿದ್ದಳು.

ಸಂಜೆ ಅವಳು ಅದನ್ನೆಲ್ಲ ಪ್ರೇಮ್ ಕುಮಾರನಿಗೆ ಹೇಳಿದಳು. ಮುಂದಿನ ವಾರ ಅವನು ರಜೆ ಹಾಕಿ ಆಸ್ಪತ್ರೆಗೆ ಜೊತೆಗೆ ಬಂದ. ಅವನ ಬಲಗಿವಿ ಚಿಕ್ಕಂದಿನಿಂದಲೇ ಕಿವುಡು, ಎಡಗಿವಿಯೂ ಸ್ವಲ್ಪ ಮಂದ ಇರಬೇಕು ಎಂದು ಡಾಕ್ಟರಮ್ಮ ಹೇಳಿದರು. ಹಿಂತಿರುಗುವ ಬಸ್ಸಿನಲ್ಲಿ ಅವನು ಕಿಟಕಿಯತ್ತ ನೋಡುತ್ತಾ, "ಸ್ಕೂಲಲ್ಲಿ ನನ್ನ ದಡ್ಡ ಅಂತಿದ್ರು. ನಾನೂ ಹಂಗೇ ನೆನಸ್ಕೊಂಡಿದ್ದೆ," ಎಂದ.

ಮಗನ, ಮೊಮ್ಮಗನ ಕೊರತೆಯನ್ನು ಸೊಸೆ ಊರಿಗೆ ಸಾರಿದಳು ಎಂದು ಮುತ್ತಮ್ಮಾಳ್ ಅವಳೊಂದಿಗೆ ಮಾತು ಬಿಟ್ಟಳು. ಕಿವಿಯ ಯಂತ್ರದ ಹಣಕ್ಕಾಗಿ ಪ್ರೇಮ್ ಕುಮಾರ್ ಓವರ್‌ಟೈಮ್ ಹಿಡಿದ. ಯಂತ್ರ ಬಂದ ಹೊಸದರಲ್ಲಿ ವಿಮಲ್ ಅದನ್ನು ಕಿತ್ತೆಸೆದು ಅಳುತ್ತಿದ್ದ. ಸುಗನ್ಯಾ ಮತ್ತೆ ಹಾಕಿ, ಈರುಳ್ಳಿ, ಚಪ್ಪಲಿ, ನಲ್ಲಿ ಎಂದು ಕಂಡದ್ದನ್ನೆಲ್ಲ ಹೆಸರು ಹಿಡಿದು ಹೇಳುತ್ತಿದ್ದಳು. ಅಭಿನಯಾ ಅಂಗನವಾಡಿಗೆ ಹೋದ ಮೇಲೆ ಆ ಮನೆಯಲ್ಲಿ ಕೇಳುತ್ತಿದ್ದದ್ದು ಅವಳೊಬ್ಬಳ ದನಿ.

ಮೂರನೆಯ ತಿಂಗಳಲ್ಲಿ, ಅಭಿನಯಾ ಅಂಗನವಾಡಿಗೆ ಹೋಗಿದ್ದ ಹೊತ್ತಿನಲ್ಲಿ, ವಿಮಲ್ ಬಾಗಿಲ ಕಂಬಿ ಹಿಡಿದು ಬೀದಿಯತ್ತ "ಅಬಿ" ಎಂದ.

ಸುಗನ್ಯಾ ಒಲೆ ಆರಿಸಿ ಓಡಿ ಬಂದಳು. ಜಗಲಿಯಲ್ಲಿದ್ದ ಮುತ್ತಮ್ಮಾಳ್ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿ ಮೊಮ್ಮಗನನ್ನು ನೋಡಿದಳು. ಸೊಸೆಯತ್ತ ನೋಡಲಿಲ್ಲ.

ಸುಗನ್ಯಾ ಹೊಸ್ತಿಲ ಮೇಲೆ ಕೂತು, ಅಭಿ ಇನ್ನೇನು ಬರುತ್ತಾಳೆ ಎಂದು ಅವನಿಗೆ ನಿಧಾನವಾಗಿ ಹೇಳಿದಳು.