ಹಗೇವಿನ ಮುಚ್ಚಳ

ಮೀಸೆ ಬಂದ ಗಂಡಸರು ಮಣ್ಣಾಟ ಆಡುವುದನ್ನು ಪಾರ್ವತಿಬಾಯಿ ತನ್ನ ಅರವತ್ತರ ಹತ್ತಿರದ ವಯಸ್ಸಿನಲ್ಲಿ ಕಂಡದ್ದು ಅದೇ ಮೊದಲು. ಆಡುವವನು ಸ್ವಂತ ಮಗ, ಆಟದ ಜಾಗ ಸ್ವಂತ ಮನೆಯ ಮೇಲಿನ ಖೋಲಿ. ಯಾರ ಮುಂದೆ ದೂರುವುದು? ಮೇಲೆ ನೋಡಿ ಉಗುಳಿದರೆ ತನ್ನ ಮುಖಕ್ಕೇ ಬೀಳುತ್ತದೆ ಎಂದು ಸುಮ್ಮನಾದಳು.

ಮಗ ಗುರುನಾಥನಿಗೆ ಹುಮನಾಬಾದಿನ ಬಜಾರಿನಲ್ಲಿ ಬೀಜ-ಗೊಬ್ಬರದ ಅಂಗಡಿ. ಅವನ ಜೊತೆಗಾರ ಅಬ್ದುಲ್ ಕರೀಮ ಹೈವೇ ಬಗಲಿಗೆ ಲಾರಿ ಬ್ಯಾಟರಿ ರಿಪೇರಿ ಮಾಡುವವನು. ಮನೆ ಬಸವಕಲ್ಯಾಣದ ಕೋಟೆಯ ಹತ್ತಿರ, ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದ. ಒಮ್ಮೆ ಸೋಲಾಪುರದ ರದ್ದಿ ಅಂಗಡಿಯಲ್ಲಿ ಇಬ್ಬರಿಗೂ ಒಂದು ವಿಲಾಯತಿ ಪತ್ರಿಕೆ ಸಿಕ್ಕಿತು. ಅದರ ಚಿತ್ರಗಳಲ್ಲಿ ಬಿಳಿಯರು ದೊಡ್ಡ ಮೇಜಿನ ಮೇಲೆ ಗುಡ್ಡ, ಸೇತುವೆ, ಮನೆಗಳನ್ನು ಕಟ್ಟಿ, ಹೆಬ್ಬೆರಳಷ್ಟು ಸೈನಿಕರನ್ನು ನಿಲ್ಲಿಸಿ, ದಾಳ ಉರುಳಿಸಿ ಯುದ್ಧ ಆಡುತ್ತಿದ್ದರು. ಒಂದು ಸಲಕ್ಕೆ ಮುಗಿಯುವ ಆಟವಲ್ಲ ಅದು. ಬೇಕಾದಷ್ಟು ಹೊಸ ನೆಲ, ಹೊಸ ಪಡೆ ಸೇರಿಸುತ್ತ ಹೋಗಬಹುದಂತೆ.

“ದೀಪಾವಳಿಗೆ ಅಂಗಳದಾಗ ಮಣ್ಣಿನ ಕೋಟೆ-ಕಿಲ್ಲಾ ಕಟ್ಟತಿದ್ದೆವಲ್ಲ, ಅದೇ ಇದು,” ಎಂದ ಕರೀಮ. “ಇವರು ಹಬ್ಬ ಮುಗದ್ರೂ ಕೆಡವಂಗಿಲ್ಲ, ಅಷ್ಟೇ ಫರಕ್.”

ಕೆಡವದೆ ಇಡುವುದಕ್ಕೆ ಇವರೂ ಕಲಿತರು. ಚೌಕಾಕಾರದ ಪ್ಲೈವುಡ್ ಹಲಗೆಗಳ ಮೇಲೆ ಜಂಬುಮಣ್ಣು, ಗೋಂದು, ಮರದ ಹೊಟ್ಟು. ಒಣಗಿದ ಹೀರೆಕಾಯಿಯ ನಾರು ಮರವಾಯಿತು, ಕಸಬರಿಗೆ ಕಡ್ಡಿ ಬೇಲಿಯಾಯಿತು. ಮೊದಲು ಕಲ್ಯಾಣದ ಕೋಟೆ, ಆಮೇಲೆ ಅದರ ಸುತ್ತಲ ಹೊಲ, ಆಮೇಲೆ ಕೊಡಂಬಲದ ಕಡೆಯ ದಾರಿ. ಹಲಗೆಗೆ ಹಲಗೆ ಜೋಡಿಸುತ್ತ ಹೋದಂತೆ ಖೋಲಿಯಲ್ಲಿ ಕಾಲಿಡಲು ಜಾಗ ಉಳಿಯಲಿಲ್ಲ. ಹಳೆ ಬ್ಯಾಟರಿಯ ಸೀಸ ಕರಗಿಸಿ ಕರೀಮ ಸೈನಿಕರನ್ನು ಎರಕ ಹೊಯ್ಯುತ್ತಿದ್ದ. ಮದುವೆಯಾಗಿ ಮಕ್ಕಳಾದವರು! ಎಂದು ಪಾರ್ವತಿಬಾಯಿ ಚಹಾ ತಂದಿಡುವಾಗೆಲ್ಲ ಹಣೆ ಚಚ್ಚಿಕೊಳ್ಳುತ್ತಿದ್ದಳು.

ರಾಜರ ಯುದ್ಧಗಳು ಬೇಸರವಾದ ಮೇಲೆ, ತೊಂಬತ್ತೆಂಟರ ಬೇಸಿಗೆಯಲ್ಲಿ, ಗುರುನಾಥ ಒಂದು ಮಾತು ಕೇಳಿದ.

“ಯವ್ವಾ, ನಿನ್ನ ತವರೂರಿಗೆ ರಜಾಕಾರರು ಬಂದಿದ್ದರಂತಲ್ಲ? ಆ ಊರು ಹ್ಯಾಂಗಿತ್ತು, ಹೇಳು. ಅದನ್ನ ಕಟ್ತೀವಿ.”

ಆಕೆ ಬೈಯಬೇಕಾಗಿತ್ತು. ಬೈಯಲಿಲ್ಲ. ಕುಂತಲ್ಲೇ ಹೇಳತೊಡಗಿದಳು. ಕೊಹಿನೂರು ಹಳ್ಳಿಯ ಆಚೆಗಿನ ಸಣ್ಣ ಊರು. ಊರ ಮುಂದೆ ಹಳ್ಳ, ಅವತ್ತು ಬೆಳಿಗ್ಗೆ ತುಂಬಿ ಹರಿಯುತ್ತಿತ್ತು, ಅರಿವೆ ಒಗೆಯಲು ಹೋದವರು ಹಾಗೇ ವಾಪಸು ಬಂದಿದ್ದರು. ಹಳ್ಳದಿಂದ ಊರ ಅಗಸಿಬಾಗಿಲು, ಅಗಸಿಯಿಂದ ಓಣಿ, ಓಣಿಯ ತುದಿಗೆ ಮನೆ. ಹಿತ್ತಿಲಲ್ಲಿ ಹಗೇವು, ಅಂದರೆ ಜೋಳ ತುಂಬಿಡುವ ನೆಲದೊಳಗಿನ ಆಳದ ಗುಂಡಿ. ಅದರ ಬಾಯಿ ಮಾತ್ರ ಸಣ್ಣದು, ಮೇಲೆ ಮರದ ಮುಚ್ಚಳ. ಅದರೊಳಗೆ ತಾನೂ ತನ್ನ ತಾಯಿಯೂ ಅಡಗಿ ಉಳಿದೆವು ಎಂದಳು. ಹಿತ್ತಿಲ ಬಾಗಿಲಿಗೂ ಹಗೇವಿಗೂ ಎಷ್ಟು ದೂರ ಎಂದು ಕರೀಮ ಕೇಳಿದ್ದಕ್ಕೆ ಎದ್ದು ನಡೆದೇ ತೋರಿಸಿದಳು. ಐವತ್ತು ವರ್ಷ ಬಾಯಿ ಬಿಡದವಳ ನಾಲಿಗೆ ಅವತ್ತು ನಿಲ್ಲಲಿಲ್ಲ. ಎಲ್ಲ ಹೇಳಿದಳು, ಬಕ್ಕಪ್ಪನೊಬ್ಬನನ್ನು ಬಿಟ್ಟು.

ರಜಾಕಾರರು ಜನರನ್ನು ಕೊಂದ ಗೋರ್ಟಾದ ಸುದ್ದಿ ನಾಡಿಗೆಲ್ಲ ಗೊತ್ತು. ಸಣ್ಣ ಊರುಗಳ ಸುದ್ದಿಗಳು ಆಯಾ ಮನೆಯ ಹೆಂಗಸರ ಎದೆಯೊಳಗೇ ಉಳಿದವು. ಬಕ್ಕಪ್ಪ ಪಾರ್ವತಿಬಾಯಿಯ ತಮ್ಮ, ಐದು ವರ್ಷದವನು. ಹಗೇವು ತೆರೆದ ಕೂಡಲೇ ಯಾರೂ ಒಳಗಿಳಿಯಬಾರದು, ಒಳಗೆ ಕೆಟ್ಟ ಗಾಳಿ ಇರುತ್ತದೆ, ಮೊದಲು ಉರಿಯುವ ದೀಪವನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡಬೇಕು, ದೀಪ ಆರದಿದ್ದರೆ ಮಾತ್ರ ಮನುಷ್ಯರು. ಇದು ರೈತರ ಮನೆಯ ಕಟ್ಟಳೆ. ಸಾವು ಊರ ಮುಂದೆ ಬಂದು ನಿಂತಾಗಲೂ ತಾಯಿಗೆ ಕಟ್ಟಳೆ ಮರೆಯಲಿಲ್ಲ. “ಬಕ್ಕಾ, ಓಡು, ದೀಪಾ ತಾ” ಎಂದಳು. ಹುಡುಗ ಒಳಗೆ ಓಡಿದ. ಅಷ್ಟರಲ್ಲಿ ಹಳ್ಳದ ಕಡೆಯಿಂದ ಕೂಗು ಕೇಳಿತು. ತಾಯಿ ದೀಪಕ್ಕೆ ಕಾಯದೆ ಇಳಿದಳು, ಒಂಬತ್ತು ವರ್ಷದ ಪಾರ್ವತಿ ಹಿಂದೆ ಇಳಿದಳು. ಏಣಿಯ ಮೇಲೆ, ಮುಚ್ಚಳದ ಕೆಳಗೆ ಇದ್ದವಳು ಅವಳೇ. “ಬಂದನೇನ?” ಎಂದು ಕೆಳಗಿನಿಂದ ತಾಯಿ ಕೇಳಿದಳು. “ಇಲ್ಲ,” ಎಂದು ಪಾರ್ವತಿ ಮುಚ್ಚಳ ಎಳೆದುಕೊಂಡಳು. ಒಳಗಿನ ಗಾಳಿ ಚೆನ್ನಾಗಿಯೇ ಇತ್ತು. ದೀಪ ಬೇಕಿರಲೇ ಇಲ್ಲ.

ಅವರು ಹೋದ ಮೇಲೆ ಹಿತ್ತಿಲ ಹೊಸ್ತಿಲ ಮೇಲೆ ಹುಡುಗ ಸಿಕ್ಕ, ಹೆಣವಾಗಿ.

ತಾಯಿ ಆಮೇಲೆ ಬಹಳ ವರ್ಷ ಬದುಕಿದಳು. ದೀಪ ಹಚ್ಚುವ ಹೊತ್ತಿಗೆ ಆಗಾಗ ಕೇಳುತ್ತಿದ್ದಳು: “ಪಾರೂ, ಇನ್ನೊಂದು ಗಳಿಗಿ ಕಾದಿದ್ದರ ಬರ್ತಿದ್ದನೇನ?” “ಇಲ್ಲ ಯವ್ವಾ. ಅವರು ಬಾಗಿಲಿಗೇ ಬಂದಿದ್ದರು,” ಎನ್ನುತ್ತಿದ್ದಳು ಪಾರ್ವತಿ. ಆ ಮಾತು ಹಿಡಿದುಕೊಂಡೇ ತಾಯಿ ಕಣ್ಣು ಮುಚ್ಚಿದಳು. ಆದರೆ ಅದು ನಿಜವೋ ಸುಳ್ಳೋ ಪಾರ್ವತಿಗೇ ಗೊತ್ತಿರಲಿಲ್ಲ. ಹೆದರಿಕೆಗೆ ಅವಳು ಹೊರಗೆ ನೋಡಿಯೇ ಇರಲಿಲ್ಲ. ಸಾಯುವುದರೊಳಗೆ ಇದೊಂದು ತನಗೆ ತಿಳಿಯಬೇಕು ಎಂಬ ಹಟ, ಹಲ್ಲಿನಲ್ಲಿ ಸಿಕ್ಕ ನಾರಿನಂತೆ, ಅವಳನ್ನು ಬಿಟ್ಟಿರಲಿಲ್ಲ. ತಿಳಿಯುವ ದಾರಿಯಾದರೂ ಎಲ್ಲಿತ್ತು? ಊರೇ ಬದಲಾಗಿತ್ತು, ಮನೆ ಬಿದ್ದಿತ್ತು.

ಈಗ ಆ ಊರು ಮಗನ ಖೋಲಿಯ ಮೇಜಿನ ಮೇಲೆ ಎದ್ದಿತು. ಹಳ್ಳ, ಅಗಸಿ, ಓಣಿ, ಮನೆ. ಹಲಗೆಯಲ್ಲಿ ತೂತು ಕೊರೆದು ಹಗೇವು, ಅದಕ್ಕೆ ಸೋಡಾ ಬಾಟಲಿಯ ಬಿಲ್ಲೆಯೇ ಮುಚ್ಚಳ.

ಊರ ಜನರನ್ನು ಎರಕ ಹೊಯ್ಯುವ ದಿನ ಪಾರ್ವತಿಬಾಯಿ ಕರೀಮನ ಅಂಗಡಿಯ ಹಿಂದೆ ಕುಂತು ನೋಡುತ್ತಿದ್ದಳು. ಒಂದು ಸಲ ಸೀಸ ಕಡಿಮೆ ಬಿದ್ದು ಭರ್ಚಿ ಹಿಡಿದ ಸೈನಿಕನ ಅಚ್ಚು ತುಂಬಲಿಲ್ಲ. ತೆರೆದಾಗ ಬಂದದ್ದು ಗಿಡ್ಡ ಆಳು; ಮೊಣಕಾಲಿನ ಕೆಳಗಿನದು ಇಲ್ಲ, ಎತ್ತಿದ ಕೈಯಲ್ಲಿ ಭರ್ಚಿಯ ಬದಲು ಒಂದು ಮೊಂಡು ತುದಿ. ಸಣ್ಣ ಹುಡುಗನೊಬ್ಬ ದೀಪ ಹಿಡಿದಂತಿತ್ತು. ಕರೀಮ ಅದನ್ನು ಮತ್ತೆ ಬಾಣಲೆಗೆ ಹಾಕಹೋದ.

“ಅದನ್ನ ಸುಡಬ್ಯಾಡ,” ಎಂದಳು ಪಾರ್ವತಿಬಾಯಿ. ಧ್ವನಿ ಕೇಳಿ ಕರೀಮನ ಕೈ ನಿಂತಿತು. ಗಿಡ್ಡನನ್ನು ತಣ್ಣಗಾಗಿಸಿ ಅವಳ ಅಂಗೈಯಲ್ಲಿಟ್ಟ.

ಸಂಜೆ ಮೇಲೆ ಹೋಗಿ ಆಕೆ ಆ ಗಿಡ್ಡನನ್ನು ಹಗೇವಿನೊಳಗೆ ಇಳಿಸಿ ಬಿಲ್ಲೆ ಮುಚ್ಚಿದಳು. ಇಷ್ಟಾದರೂ ಮಾಡಿದೆನಲ್ಲ ಎಂದು ಕಣ್ಣು ತುಂಬಿ ಬಂತು. ಬೆಳಿಗ್ಗೆ ಕಸ ಹೊಡೆಯಲು ಹೋದರೆ ಬಿಲ್ಲೆ ಪಕ್ಕಕ್ಕೆ ಬಿದ್ದಿತ್ತು. ಗಿಡ್ಡ ಹಿತ್ತಿಲ ಹೊಸ್ತಿಲ ಮೇಲೆ ನಿಂತಿದ್ದ, ಮುಖ ಹಗೇವಿನ ಕಡೆಗೆ.

“ಇಲಿ ಯವ್ವಾ,” ಎಂದ ಗುರುನಾಥ. ಬೀಜದ ಅಂಗಡಿಯವನಿಗೆ ಜಗತ್ತಿನ ಕೇಡೆಲ್ಲ ಇಲಿಯದೇ.

ಮತ್ತೆ ಇಟ್ಟಳು, ಮತ್ತೆ ಹಾಗೇ ಆಯಿತು. ಒಂದು ಸಂಜೆ ಹಲಗೆಯ ಸುತ್ತ ರಂಗೋಲಿ ಪುಡಿ ಉದುರಿಸಿದಳು. ಬೆಳಿಗ್ಗೆ ಪುಡಿಯ ಮೇಲೆ ಇಲಿಯ ಹೆಜ್ಜೆ ಇರಲಿಲ್ಲ, ಯಾವ ಹೆಜ್ಜೆಯೂ ಇರಲಿಲ್ಲ. ಗಿಡ್ಡ ಮಾತ್ರ ಹೊಸ್ತಿಲ ಮೇಲಿದ್ದ. ಖೋಲಿಯಲ್ಲಿ ಆಗತಾನೆ ಆರಿಸಿದ ಎಣ್ಣೆಬತ್ತಿಯ ವಾಸನೆ ಇತ್ತು, ಆ ಖೋಲಿಯಲ್ಲಿ ಇದ್ದದ್ದು ಬರೀ ಕರೆಂಟಿನ ಬಲ್ಬು. ಪಾರ್ವತಿಬಾಯಿಗೆ ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಅವನು ಬಂದಿದ್ದಾನೆ, ಕೇಳಲು ಬಂದಿದ್ದಾನೆ, ತನ್ನಲ್ಲಿ ಉತ್ತರವಿಲ್ಲ.

ಆಟ ಆಡುವ ದಿನ ಬಂದಾಗ ರಜಾಕಾರರ ಪಡೆಯನ್ನು ನಡೆಸಲು ಕರೀಮ ಒಪ್ಪಲಿಲ್ಲ. “ಆ ಕಡಿ ನಾ ಆಡಂಗಿಲ್ಲ ಗುರುನಾಥ. ರಜಾಕಾರರು ಸೋತ ಮ್ಯಾಲಿನ ದಿನದಾಗ, ಸೇಡಿಗೆ ಹೆದರಿ, ನಮ್ಮ ಮನ್ಯಾಗೂ ಹೆಂಗಸರು ಅಡಗಿ ಕುಂತಿದ್ದರು. ನಾ ಅಳತಿ ಹಿಡೀತೀನಿ, ಸಾಕು.” ಹಾಗೆಂದು ಟೇಪು ಹಿಡಿದು ನಿಂತ. ಗುರುನಾಥನೇ ಆ ಪಡೆ ತೆಗೆದುಕೊಂಡ.

“ಊರಿನ ಕಡಿ ಯಾರು?”

“ನಾ,” ಎಂದಳು ಪಾರ್ವತಿಬಾಯಿ. ಸೆರಗು ಸೊಂಟಕ್ಕೆ ಸಿಕ್ಕಿಸಿ ಮೇಜಿನ ಮುಂದೆ ಬಂದು ನಿಂತ ತಾಯಿಯನ್ನು ನೋಡಿ ಮಗ ನಕ್ಕ. ದಾಳದಲ್ಲಿ ಬಿದ್ದಷ್ಟು ಬೆರಳಗಲ ನಡೆಯಬೇಕು. ಒಂದು ಪಾಳಿ ಇವರದು, ಒಂದು ಪಾಳಿ ಅವರದು. ಹಳ್ಳಕ್ಕಿಳಿದವರು ಎರಡು ಪಾಳಿ ಅಲ್ಲೇ ಸಿಕ್ಕಿಬೀಳಬೇಕು. ಆಕೆ ಬೇಗ ಕಲಿತಳು. ಎಷ್ಟೋ ಜನರನ್ನು ಹೊಲದ ದಾರಿಗೆ ದಾಟಿಸಿ ಉಳಿಸಿದಳು. “ನಿಮ್ಮವ್ವ ಸೇನಾಪತಿ ಆಗಬೇಕಾಗಿತ್ತು ನೋಡು,” ಎಂದು ಕರೀಮ ಹೊಗಳಿದ. ಆದರೆ ಗಿಡ್ಡ ಮಾತ್ರ ಉಳಿಯುತ್ತಿರಲಿಲ್ಲ. ಅವನು ಮನೆಯೊಳಗಿನಿಂದ ಹೊರಟು ಹಿತ್ತಿಲ ಬಾಗಿಲಿಗೆ ಬರುವಷ್ಟರಲ್ಲಿ ಗುರುನಾಥನ ಪಡೆ ಹಳ್ಳಕ್ಕೆ ಇಳಿಯುತ್ತಿತ್ತು, ಪಾರ್ವತಿಬಾಯಿಯ ಕೈ ತಾನಾಗಿ ಹೋಗಿ ಬಿಲ್ಲೆ ಮುಚ್ಚುತ್ತಿತ್ತು. ಆಮೇಲೆ ಗುರುನಾಥ ಓಣಿ ಹಿಡಿದು ಬಂದು, ಗಿಡ್ಡನನ್ನು ಹೊಸ್ತಿಲ ಮೇಲೆ ಅಡ್ಡ ಮಲಗಿಸುತ್ತಿದ್ದ. ಯಾರನ್ನು ಮಲಗಿಸುತ್ತಿದ್ದೇನೆ ಎಂದು ಪಾಪ ಅವನಿಗೇನು ಗೊತ್ತು. ಪ್ರತಿ ರವಿವಾರ ಇದೇ ಆಯಿತು. ಪ್ರತಿ ಸೋಮವಾರ ಬೆಳಿಗ್ಗೆ, ಮಲಗಿಸಿದ್ದ ಗಿಡ್ಡ ಹಗೇವಿನ ಕಡೆ ಮುಖ ಮಾಡಿ ಎದ್ದು ನಿಂತಿರುತ್ತಿದ್ದ. ಆಕೆಗೆ ಅನ್ನ ಸೇರದಾಯಿತು.

ಶ್ರಾವಣದ ಒಂದು ಮಧ್ಯಾಹ್ನ, ಹೊರಗೆ ಮೋಡ ಕವಿದಿತ್ತು. ಮತ್ತೆ ಅದೇ ಹಂತ. ಗಿಡ್ಡ ಬಾಗಿಲಲ್ಲಿ, ಪಡೆ ಹಳ್ಳದಲ್ಲಿ, ಆಕೆಯ ಕೈ ಬಿಲ್ಲೆಯ ಮೇಲೆ.

“ಅವ್ವಾರ, ಈ ಸಲ ಮುಚ್ಚಬ್ಯಾಡ್ರಿ,” ಎಂದ ಕರೀಮ.

“ಮುಚ್ಚಬೇಕು. ಅವರು ಬಂದರು.”

“ಎಲ್ಲಿ ಬಂದಾರ್ರಿ? ಇನ್ನಾ ಹಳ್ಳದಾಗ ಅದಾರ. ಹಳ್ಳ ತುಂಬಿತ್ತಂತ ನೀವೇ ಹೇಳೀರಿ. ನೀವೇ ಹೇಳಿದ ಊರು ಇದು, ನಾವು ಒಂದು ಬೆರಳೂ ಹೆಚ್ಚುಕಡಿಮಿ ಮಾಡಿಲ್ಲ. ಕಾದು ನೋಡ್ರಿ.”

ಆಕೆ ಹಳ್ಳವನ್ನು ನೋಡಿದಳು. ಗೋಂದಿನ ನೀರು ಮಿಂಚುತ್ತಿತ್ತು. ಅವತ್ತಿನ ಕೂಗು ಹಳ್ಳದ ಆಚೆಯಿಂದ ಬಂದದ್ದು ಎಂಬುದು ಅವಳಿಗೆ ಮೊದಲಿನಿಂದ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ವರ್ಷ ಆ ಕಡೆ ಮನಸ್ಸನ್ನು ಹರಿಯಬಿಟ್ಟಿರಲಿಲ್ಲ. ಕೈ ಹಿಂದೆ ತೆಗೆದಳು. ದಾಳ ಉರುಳಿಸಿದಳು.

ಒಂದು ಬಿತ್ತು. ಅದಕ್ಕಿಂತ ಕಡಿಮೆ ಬೀಳುವ ಹಾಗೆಯೇ ಇಲ್ಲ. ಗಿಡ್ಡನನ್ನು ಒಂದು ಬೆರಳು ಸರಿಸಿದಳು. ಗುರುನಾಥನ ಪಾಳಿ, ಪಡೆ ಹಳ್ಳದಲ್ಲೇ ಸಿಕ್ಕಿಬಿದ್ದಿತ್ತು. ಆಕೆ ಮತ್ತೆ ಉರುಳಿಸಿದಳು. ಮತ್ತೆ ಒಂದು. ಹಿತ್ತಿಲ ಬಾಗಿಲಿಗೂ ಹಗೇವಿನ ಬಾಯಿಗೂ ಎರಡೇ ಬೆರಳು.

ಕರೀಮ ಟೇಪು ಹಿಡಿಯಲು ಬಗ್ಗಿದ. ಬೇಕಿರಲಿಲ್ಲ. ಗಿಡ್ಡ ಹಗೇವಿನ ಅಂಚಿಗೆ ಬಂದು ನಿಂತಿದ್ದ. ಪಾರ್ವತಿಬಾಯಿ ಅವನನ್ನು ಎತ್ತಿ ಒಳಗಿಳಿಸಿದಳು, ಬಿಲ್ಲೆ ಮುಚ್ಚಿದಳು. ಗುರುನಾಥನ ಪಡೆ ಆಗ ಹಳ್ಳದಿಂದ ಮೇಲೇರುತ್ತಿತ್ತು. ಅಗಸಿ ಇನ್ನೂ ದೂರ, ಓಣಿ ಇನ್ನೂ ದೂರ.

“ಗೆದ್ದಿ ಯವ್ವಾ!” ಎಂದು ಗುರುನಾಥ ಮೇಜು ಬಡಿದ. “ಇನ್ನಾ ಎಷ್ಟು ಹೊತ್ತು ಉಳಿದಿತ್ತು ನೋಡು! ಸುಮ್ಮನ ಇಷ್ಟು ದಿನ ಆ ಗಿಡ್ಡನ್ನ ಸಾಯಿಸಿದಿ.”

ಕರೀಮ ನಗಲಿಲ್ಲ. ಟೇಪು ಸುತ್ತಿ ಜೇಬಿಗೆ ಹಾಕಿಕೊಂಡ. ಎದುರಿಗಿದ್ದ ಆಕೆಯ ಮುಖವನ್ನು ಅವನು ನೋಡಿದ್ದ.

ಪಾರ್ವತಿಬಾಯಿ ಮೇಜಿನ ಅಂಚು ಹಿಡಿದು ನೆಲಕ್ಕೆ ಕುಸಿದು ಕುಂತಳು. ಎಂದೋ ಸತ್ತ ತಾಯಿ ಕೆಳಗಿನ ಕತ್ತಲಿನಿಂದ ಕೇಳುತ್ತಲೇ ಇದ್ದಳು. ಇಷ್ಟು ವರ್ಷಕ್ಕೆ ಮಗಳ ಬಾಯಿಗೆ ಉತ್ತರ ಬಂತು.

“ಬರ್ತಿದ್ದ ಯವ್ವಾ,” ಎಂದಳು. “ಬರ್ತಿದ್ದ.”

ಆಮೇಲೆ ಅತ್ತಳು, ಸೆರಗು ಬಾಯಿಗಿಟ್ಟುಕೊಂಡಲ್ಲ, ಸಣ್ಣ ಮಕ್ಕಳಂತೆ ದನಿ ತೆಗೆದು. ಗುರುನಾಥ ಗಾಬರಿಯಾಗಿ ಪಕ್ಕದಲ್ಲಿ ಕುಂತ. ತಾಯಿ ಅತ್ತದ್ದನ್ನು ಅವನು ಎಂದೂ ಕಂಡಿರಲಿಲ್ಲ.

“ಯಾರು ಯವ್ವಾ? ಯಾರು ಬರ್ತಿದ್ದ?”

ಆಕೆ ಮಗನ ಕೈ ಹಿಡಿದುಕೊಂಡಳು. ಪ್ರತಿ ರವಿವಾರ ಆ ಹುಡುಗನನ್ನು ಹೊಸ್ತಿಲ ಮೇಲೆ ಮಲಗಿಸಿದ ಕೈ ಅದು.

“ನಿನ್ನ ಸೋದರಮಾವ,” ಎಂದಳು. “ಬಕ್ಕಪ್ಪ. ದೀಪಾ ತರಾಕ ಹೋಗಿದ್ದ.”