ಹೋಲ್ಡಾನ್

ಟೊಪ್ಪಿ ಕೂರಲಿಲ್ಲ. ಧನುಷ್ ಅದನ್ನು ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ, ಹಿಂದಕ್ಕೆ ಸರಿಸಿದ. ಹೇಗೆ ಇಟ್ಟರೂ ಅಜ್ಜನ ತಲೆಯ ಮೇಲೆ ಅದು ಬೇರೆ ಯಾರದೋ ಟೊಪ್ಪಿಯಾಗಿಯೇ ಉಳಿಯಿತು.

"ದೊಡ್ಡದಾಯ್ತು ಮಾರಾಯ," ಎಂದರು ದೇವದಾಸ್. "ಎಲ್ಲಿಂದ ತಂದದ್ದು ಇದು?"

"ಒರಿಜಿನಲ್ ಅಜ್ಜ. ನೈಂಟೀನ್ ಫಿಫ್ಟಿ ಎಯ್ಟ್. ಬಸ್ ಡ್ರೈವರ್ ಕ್ಯಾಪು. ಓಹಾಯೋದಿಂದ ತರ್ಸಿದ್ದು."

"ಓಹಾಯೋದವರ ತಲೆ ದೊಡ್ಡ ಇರ್ತದೆ ಅಂತ ಕಾಣ್ತದೆ."

ಧನುಷ್ ನಗಲಿಲ್ಲ. ಹಳೇ ಪೇಪರು ಹರಿದು, ಮಡಚಿ, ಟೊಪ್ಪಿಯ ಒಳಗೆ ಸುತ್ತಲೂ ತುರುಕಿದ. ಇತಿಹಾಸದಲ್ಲಿ ಪಿಎಚ್‌ಡಿ ಮಾಡುವವರಿಗೆ ಈ ಕೆಲಸ ಚೆನ್ನಾಗಿ ಬರುತ್ತದೆ. ಹೊಂದದ ಕಡೆ ಕಾಗದ ತುರುಕುವುದು.

ಅಡುಗೆಮನೆಯಿಂದ ಅವನ ಅಮ್ಮ ಸ್ನೇಹಲತಾ ನೋಡುತ್ತಿದ್ದಳು. "ಅವ್ರಿಗೆ ಇಷ್ಟ ಇಲ್ಲದಿದ್ರೆ ಬಿಡೋ."

"ಇಷ್ಟ ಇಲ್ಲ ಅಂತ ಯಾರು ಹೇಳಿದ್ರು?"

"ಕಾಲು ನೋವು ಅಂತಿದ್ರು ರಾತ್ರಿ."

"ಬಸ್ಸಲ್ಲಿ ಕೂತ್ಕೊಳೋದಮ್ಮ. ನಡೆಯೋದಲ್ಲ."

ಅವಳು ನಲ್ಲಿ ತಿರುಗಿಸಿ ಕೊತ್ತಂಬರಿ ಸೊಪ್ಪು ತೊಳೆಯತೊಡಗಿದಳು.

ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ, ಎವರ್‌ಗ್ರೀನ್ ಬಡಾವಣೆಯ ಆ ಇಳಿಜಾರಿನಲ್ಲಿ ಮನೆಗಳೆಲ್ಲ ಒಂದೇ ಬಣ್ಣ, ಮನೆಯೊಳಗಿನ ಕಥೆಗಳೂ ಒಂದೇ ಬಣ್ಣ. ಎರಡು ಸೂಟ್‌ಕೇಸು, ಒಂದು ಡಿಗ್ರಿ, ಒಂದು ವೀಸಾ, ಆಮೇಲೆ ಅಡುಗೆಮನೆಗೆ ಗ್ರಾನೈಟು. ಧನುಷ್‌ಗೆ ಶಾಲೆಯ ದಿನಗಳಿಂದಲೂ ಈ ಕಥೆಯೆಂದರೆ ವಾಕರಿಕೆ. ಅವನಲ್ಲಿ ಬೇರೆಯದೊಂದು ಇತ್ತು. ಯಾರಾದರೂ ನೀನು ಎಲ್ಲಿಯವನು ಎಂದು ಕೇಳಿದರೆ, ನಿಜವಾಗಿ ಎಲ್ಲಿಯವನು ಎಂದು ಮತ್ತೆ ಕೇಳಿದರೆ, ಅವನು ಗದ್ದ ಎತ್ತಿ ಹೇಳುತ್ತಿದ್ದ: ನನ್ನ ಅಜ್ಜ ಇಲ್ಲಿ ಬಸ್ಸು ಓಡಿಸಿದವರು. ನಿಮ್ಮ ಕಂಪ್ಯೂಟರು ಬರುವ ಮೊದಲೇ. ನಿಮ್ಮ ಅಜ್ಜಂದಿರನ್ನು ಆಫೀಸಿಗೆ ಬಿಟ್ಟು ಬಂದವರು.

ಕೇಳಿದವರು ಸುಮ್ಮನಾಗುತ್ತಿದ್ದರು. ಆ ಮೌನವೇ ಅವನಿಗೆ ಊರು.

ಶುರುವಾದದ್ದು ಎರಡನೇ ಕ್ಲಾಸಿನಲ್ಲಿ. ಅಜ್ಜ ಅಜ್ಜಿಯರ ದಿನ ಅಂತ ಶಾಲೆಯಲ್ಲಿ ಒಂದು ಹಬ್ಬ. ಅಜ್ಜ, ನೀವು ಏನು ಕೆಲಸ ಮಾಡ್ತಿದ್ರಿ? "ಬಸ್ಸಿನಲ್ಲಿದ್ದೆ," ಎಂದಿದ್ದರು ದೇವದಾಸ್. ಅಷ್ಟೇ. ಹುಡುಗ ಕಾಗದದ ಮೇಲೆ ಬಸ್ಸು ಬರೆದು, ಸ್ಟೇರಿಂಗಿನ ಹಿಂದೆ ಅಜ್ಜನನ್ನು ಕೂರಿಸಿದ. ಟೀಚರು ಅದನ್ನು ಗೋಡೆಗೆ ಅಂಟಿಸಿದರು.

ಅಮ್ಮನ ಕಡೆ ತುಳು, ಅಪ್ಪನ ಕಡೆ ಧಾರವಾಡದ ಕನ್ನಡ. ಇವೆರಡೂ ಒಪ್ಪಂದಕ್ಕೆ ಬಂದು ಹುಟ್ಟಿದ ಕನ್ನಡ ಆ ಮನೆಯದು. ಅದರಲ್ಲಿ ತನಗೆ ಎಲ್ಲವೂ ಅರ್ಥವಾಗುತ್ತದೆ ಎಂದು ಧನುಷ್ ನಂಬಿದ್ದ. ಅಜ್ಜ ಹೇಳುತ್ತ ಹೋದರು, ಅವನು ಕೇಳುತ್ತ ಹೋದ. ಹೋಗುವಾಗ ನೀರು ಬಲಕ್ಕೆ, ಬರುವಾಗ ಎಡಕ್ಕೆ. ಸೇತುವೆಯ ಮೇಲೆ ಉಪ್ಪುಗಾಳಿ. ದಿನಾ ಬರುವವರಿಗೆ ದಿನಾ ಅದೇ ಸೀಟು. ಬ್ಯಾಂಕಿನವ ಬಾರದಿದ್ದರೆ ಬಸ್ಸು ಎರಡು ನಿಮಿಷ ಕಾಯುತ್ತಿತ್ತು. ಟೀಚರಮ್ಮನ ತಾಯಿ ತೀರಿಕೊಂಡಾಗ ಇಡೀ ಬಸ್ಸು ಅವರ ಮನೆಗೆ ಹೋಗಿ ಬಂತು.

ನೀರು ಬಲಕ್ಕೆ ಎಂದರೆ ಸ್ಯಾನ್ ಹೊಸೆಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವಾಗಿನ ಕೊಲ್ಲಿ. ಸರಿಹೋಯಿತು. ಅಜ್ಜ ಹೇಳುವ ಸ್ಟೇಟ್ ದಾಟುವ ಬಸ್ಸು ಎಂದರೆ ನೆವಾಡಕ್ಕೆ, ರೀನೋ ಊರಿಗೆ. ಹಾಗಾದರೆ ವಾರವೆಲ್ಲ ಉಪನಗರದ ಬಸ್ಸು, ಶನಿವಾರ ಅಂತರರಾಜ್ಯದ್ದು. ಅದೂ ಸರಿಹೋಯಿತು. ಗಡಿಯ ಚೆಕ್‌ಪೋಸ್ಟಿನಲ್ಲಿ ಹೆಂಗಸರು ಹೊಟ್ಟೆಗೆ ಕಟ್ಟಿಕೊಂಡು, ಬಸುರಿಯರ ಹಾಗೆ ನಡೆದು ಸಾಮಾನು ದಾಟಿಸುತ್ತಿದ್ದರಂತೆ. ಕ್ಯಾಲಿಫೋರ್ನಿಯಾದ ಗಡಿಯಲ್ಲಿ ಹಣ್ಣುಹಂಪಲು ತಪಾಸಣೆ ಮಾಡುವುದುಂಟು. ಧನುಷ್ ಥೀಸಿಸ್ಸಿನಲ್ಲಿ ಅಡಿಟಿಪ್ಪಣಿ ಹಾಕಿದ, ಬಹುಶಃ ಕಿತ್ತಳೆ. ಹಸನಬ್ಬ ಎಂಬ ಗೆಳೆಯನ ಹೆಸರನ್ನು ಹಸನ್ ಎಂದು ತಿದ್ದಿ, ಅರಬ್ ಮೂಲದ ಸಹೋದ್ಯೋಗಿ ಎಂದು ಬರೆದ.

ಅಮ್ಮ ಇಲ್ಲಿಗೆ ಬಂದದ್ದು ಎಪ್ಪತ್ತನಾಲ್ಕರಲ್ಲಿ. ಅಜ್ಜ ಹತ್ತು ವರ್ಷ ಮೊದಲೇ ಒಬ್ಬರೇ ಬಂದಿರಬೇಕು ಎಂದು ಊಹಿಸಿದ. ಊಹೆಯನ್ನು ಯಾರೂ ತಿದ್ದಲಿಲ್ಲ. ಕಂಡವರನ್ನೆಲ್ಲ ದಾಖಲೆ ಕೇಳುವ ಧನುಷ್ ಅಜ್ಜನ ಪಾಸ್‌ಪೋರ್ಟ್ ಮಾತ್ರ ಕೇಳಿರಲಿಲ್ಲ. ಪ್ರೀತಿಗೆ ದಾಖಲೆ ಬೇಡ ಎಂದಲ್ಲ. ಹೆದರಿಕೆ ಇದ್ದಿರಬಹುದು.

ರೆಡ್‌ವುಡ್ ಸಿಟಿಯ ಗೋದಾಮೊಂದರ ಹಿಂದೆ ಬಸ್ಸು ನಿಂತಿತ್ತು. ಕೆನೆ ಬಣ್ಣ, ಸೊಂಟಕ್ಕೆ ಬೆಳ್ಳಿಯ ಪಟ್ಟಿ, ಹಣೆಯ ಮೇಲೆ ಊರಿನ ಹೆಸರು ಸುತ್ತುವ ಬಟ್ಟೆಯ ಸುರುಳಿ. ಹಳೇ ಬಸ್ಸುಗಳ ಅಭಿಮಾನಿ ಸಂಘದವರು ಏಳು ವರ್ಷ ಅದರ ತುಕ್ಕು ಕೆರೆದಿದ್ದರು. ಎಲ್ಲರೂ ಎಪ್ಪತ್ತು ದಾಟಿದವರು. ಸೀಟಿನ ಬಟ್ಟೆಗೆ ಮೂಗು ಹಚ್ಚಿ ಮೂಸಿ ಕಣ್ಣು ಮುಚ್ಚುತ್ತಿದ್ದರು. ಇಲ್ಲಿ ಟೋಪಿಯ ಗಂಡಸರು ಸಾಲಾಗಿ ಕೂತು ಬ್ರೀಫ್‌ಕೇಸಿನ ಮೇಲೆ ಇಸ್ಪೀಟು ಹಾಕುತ್ತಿದ್ದರು ಎಂದ ಒಬ್ಬ. ಹೊಗೆ, ಎಂದ ಇನ್ನೊಬ್ಬ, ಆ ಹೊಗೆ ಮಾತ್ರ ಇಲ್ಲ ನೋಡಿ.

ಇವರ ಪತ್ರಿಕೆಯಲ್ಲೇ ಧನುಷ್‌ನ ಲೇಖನ ಬಂದಿತ್ತು. ಅದೇ ಅವನ ಥೀಸಿಸ್ಸಿನ ಮೂರನೇ ಅಧ್ಯಾಯ. ಮೆಚ್ಚಿ ಸಂಘದವರು ಹಿತ್ತಾಳೆಯ ಫಲಕ ಮಾಡಿಸಿದ್ದರು. ಇವತ್ತಿನ ಸವಾರಿ ಅದರ ಅನಾವರಣಕ್ಕೆ. ಡ್ರೈವರ್ ಸೀಟಿನ ಮೇಲ್ಗಡೆಯ ತಗಡಿನಲ್ಲಿ ಅದು ನೀಲಿ ಬಟ್ಟೆ ಹೊದ್ದು ಕೂತಿತ್ತು. ದೇವದಾಸ್, ಈ ಮಾರ್ಗದ ಚಾಲಕ. ಕೆಳಗೆ, ಲೇಖನದಲ್ಲಿ ಎಲ್ಲರಿಗೂ ಹಿಡಿಸಿದ್ದ ಮಾತು: ಹೋಲ್ಡ್ ಆನ್. ತಗಡಿಗೆ ಎರಡು ಸಲ ಬಡಿದು ಹೋಲ್ಡಾನ್ ಅಂತಿದ್ದೆ ಎಂದು ಅಜ್ಜ ನೂರು ಸಲ ಹೇಳಿದ್ದರು. ತಿರುವು ಬರುವ ಮೊದಲು, ಗಟ್ಟಿಯಾಗಿ ಹಿಡಿದುಕೊಳ್ಳಿ ಎಂದು ಪ್ರಯಾಣಿಕರನ್ನು ಎಚ್ಚರಿಸುತ್ತಿದ್ದ ಕರುಣೆಯ ಚಾಲಕ, ಎಂದು ಧನುಷ್ ಬರೆದಿದ್ದ.

ದೇವದಾಸ್ ಬಸ್ಸು ಹತ್ತಿದರು. ಡ್ರೈವರ್ ಸೀಟಿನ ಕಡೆ ಕಣ್ಣು ಕೂಡ ಹಾಯಿಸಲಿಲ್ಲ. ಸೀಟುಗಳ ನಡುವೆ ಒಂದೊಂದೇ ಹಿಡಿದು ಹಿಂದಕ್ಕೆ ಹೋದರು. ಎಡಗಡೆಯ ಕೊನೆಯಲ್ಲಿ ನಿಂತು ತಗಡನ್ನು ಅಂಗೈಯಿಂದ ಸವರಿದರು.

"ಏನು ಹುಡುಕ್ತಿದೀರ ಅಜ್ಜ?"

"ಬಾಗಿಲು."

"ಬಾಗಿಲು ಮುಂದೆ ಇದೆ. ರೈಟಲ್ಲಿ. ಈಗ ತಾನೇ ಹತ್ತಿದ್ವಲ್ಲ."

"ಹೌದಲ್ಲ," ಎಂದು ಕೂತರು. ಟೊಪ್ಪಿ ಕಿವಿಯವರೆಗೆ ಇಳಿದಿತ್ತು. ವಯಸ್ಸು, ಅಂದುಕೊಂಡ ಧನುಷ್.

ಬಸ್ಸು ಹೊರಟಿತು. ಪಕ್ಕದ ಸೀಟಿನಿಂದ ಕ್ಯಾರಲ್ ಎಂಬ ಮುದುಕಿ ಧನುಷ್‌ನ ತೋಳು ಮುಟ್ಟಿದಳು. ಟೈಪಿಸ್ಟಾಗಿ ಆರು ವರ್ಷ ಇದೇ ಬಸ್ಸಿನಲ್ಲಿ ಓಡಾಡಿದವಳು. ಒಂದು ದಿನ ಒಂದೇ ಕಾಲಿನ ಚಪ್ಪಲಿಯಲ್ಲಿ ಓಡಿಬಂದಳಂತೆ, ಡ್ರೈವರು ಕಾದನಂತೆ. ಒಂದು ಮಾತು ಆಡಲಿಲ್ಲವಂತೆ.

"ಲೇಖನ ಎರಡು ಸಲ ಓದಿದೆ," ಎಂದಳು ಇಂಗ್ಲಿಷಿನಲ್ಲಿ. "ಒಂದೇ ಒಂದು ತಿಳೀಲಿಲ್ಲ. ಹೆಗಲಿಗೆ ಚರ್ಮದ ಚೀಲ ಅಂತ ಬರೆದಿದ್ದೀಯಲ್ಲ, ನಡೆದಾಡ್ತ ಟಿಕೆಟು ಹರಿದು ಕೊಡೋದು ಅಂತ. ಡ್ರೈವರ್ ಪಕ್ಕ ಡಬ್ಬಿ ಇರ್ತಿತ್ತಪ್ಪ. ಚಿಲ್ಲರೆ ನಾವೇ ಹಾಕ್ತಿದ್ವಿ. ಚೀಲ ಯಾರದು?"

"ಶನಿವಾರದ ಸರ್ವೀಸಿನಲ್ಲಿ ಇರಬಹುದು."

"ಶನಿವಾರವೂ ಬಂದಿದ್ದೀನಿ," ಎಂದು ಅವಳು ನಕ್ಕಳು. ಕುಹಕವಿಲ್ಲದ ನಗು. ಅದಕ್ಕೇ ಅದು ಒಳಗೆ ಇಳಿಯಿತು.

ಧನುಷ್ ಹಿಂದೆ ಹೋಗಿ ಅಜ್ಜನ ಪಕ್ಕ ಕೂತ.

"ಅಜ್ಜ, ಚೀಲ ಯಾರದು?"

"ಯಾವ ಚೀಲ?"

"ಲೆದರ್ ಬ್ಯಾಗು. ಟಿಕೆಟ್‌ದು."

"ನನ್ನದೇ. ಮತ್ತೆ ಯಾರದ್ದು?"

"ಡ್ರೈವ್ ಮಾಡ್ತಾ ಟಿಕೆಟ್ ಹೇಗೆ ಕೊಡ್ತಿದ್ರಿ?"

ದೇವದಾಸ್ ಅವನನ್ನು ನೋಡಿದರು. ಮಗುವೊಂದು ಕನಸಿನಲ್ಲಿ ಮಾತಾಡುವಾಗ ನೋಡುವ ಹಾಗೆ. "ಡ್ರೈವ್ ಹಸನಬ್ಬ ಮಾಡ್ತಿದ್ದದ್ದಲ್ವಾ? ನಾನು ಕಂಡಕ್ಟರ್."

"ಎಲ್ಲಿ?"

"ಎಲ್ಲಿ ಅಂದ್ರೆ ಎಂತ? ಬಸ್ಸಿನಲ್ಲಿ."

"ಯಾವ ಊರಲ್ಲಿ ಅಜ್ಜ?"

ಹೊರಗೆ ಗ್ಯಾರೇಜು, ಹಲ್ಲಿನ ಆಸ್ಪತ್ರೆ, ಮತ್ತೆ ಗ್ಯಾರೇಜು. ದೇವದಾಸ್ ಅವನ್ನೆಲ್ಲ ಓದುತ್ತಿರುವವರಂತೆ ಕೂತಿದ್ದರು.

"ಮಂಗಳೂರು, ಕಾಸರಗೋಡು. ತಲಪಾಡಿ ದಾಟಿದ್ರೆ ಕೇರಳ. ಸ್ಟೇಟ್ ದಾಟುವ ಬಸ್ಸು ಅಂತ ಹೇಳಿದ್ದೇನಲ್ಲ ನಿಂಗೆ. ಅಕ್ಕಿ ದಾಟಿಸ್ತಿದ್ರು ಹೆಂಗಸ್ರು, ಹೊಟ್ಟೆಗೆ ಕಟ್ಟಿಕೊಂಡು. ಹಸನಬ್ಬ ಹೇಳುದು, ಈ ರೂಟಿನಲ್ಲಿ ಹೆರಿಗೆಯೆಲ್ಲ ಚೆಕ್‌ಪೋಸ್ಟಿನಲ್ಲೇ ಆಗ್ತದೆ ಅಂತ."

ಕಿತ್ತಳೆ, ಎಂದುಕೊಂಡ ಧನುಷ್. ಬಹುಶಃ ಕಿತ್ತಳೆ.

"ಮತ್ತೆ ಇಲ್ಲಿ? ಇಲ್ಲಿಗೆ ಬಂದ್ಮೇಲೆ?"

"ನಿನ್ನ ಅಜ್ಜಿಗೆ ನರ್ಸ್ ಕೆಲ್ಸ ಸಿಕ್ಕಿತು, ನಾವೆಲ್ಲ ಒಟ್ಟಿಗೇ ಬಂದದ್ದು. ನಂಗೆ ಟೊಮೆಟೊ. ಫ್ಯಾಕ್ಟರಿಯಲ್ಲಿ ಡಬ್ಬಿಗೆ ತುಂಬಿಸುದು. ಹದಿನೆಂಟು ವರ್ಷ. ಅದರ ಕಥೆ ನೀನು ಕೇಳ್ಲೇ ಇಲ್ಲ."

ಧನುಷ್ ಎದ್ದು ನಿಂತ. ನಿಂತದ್ದು ಯಾಕೆ ಎಂದು ತಿಳಿಯದೆ ಫೋನು ತೆಗೆದು ಅಮ್ಮನಿಗೆ ಹಚ್ಚಿದ.

"ಅಮ್ಮ, ಅಜ್ಜ ಇಲ್ಲಿ ಬಸ್ ಓಡ್ಸಿದ್ರಾ?"

ಆ ಕಡೆ ಕುಕ್ಕರು ಒಂದು ಸಲ ಕೂಗಿತು.

"ಈಗ್ಯಾಕೆ ಅದು?"

"ಯೆಸ್ ಆರ್ ನೋ ಅಮ್ಮ."

"ನೀನೇ ಹೇಳ್ಕೊಂಡು ಬಂದೆ. ಶಾಲೇಲಿ ಗೋಡೆಗೆ ಹಾಕಿದ್ರು. ಏಳು ವರ್ಷದ ಹುಡುಗ, ಎಷ್ಟು ಖುಷೀಲಿದ್ದೆ. ಟೊಮ್ಯಾಟೊ ಅಂತ ಹೇಳ್ಬೇಕಿತ್ತಾ ನಿಂಗೆ?"

"ನಂಗೀಗ ಮೂವತ್ತೊಂದು."

"ಗೊತ್ತಿದೆ ಅಂತ ಅನ್ಕೊಂಡಿದ್ದೆ. ಗೊತ್ತಿದ್ದೇ ಬರೀತಿದೀಯ ಅಂತ. ನಿಮ್ಮ ಓದಿನಲ್ಲಿ ಹಾಗೆಲ್ಲ ಇರುತ್ತೇನೋ ಅಂತ."

ಯಾರೂ ಸುಳ್ಳು ಹೇಳಿರಲಿಲ್ಲ. ಅದೇ ಮೋಸ. ಸುಳ್ಳು ಹೇಳಿದ್ದರೆ ಕೊರಳಪಟ್ಟಿ ಹಿಡಿದು ಕೇಳಬಹುದಿತ್ತು. ಇವರು ಸುಮ್ಮನಿದ್ದರು, ಅಷ್ಟೇ. ಇಪ್ಪತ್ತನಾಲ್ಕು ವರ್ಷ ಊಟ ಬಡಿಸುತ್ತ, ಹುಟ್ಟುಹಬ್ಬ ಮಾಡುತ್ತ, ಅವನು ಗದ್ದ ಎತ್ತಿ ನಡೆಯುವುದನ್ನು ನೋಡುತ್ತ ಸುಮ್ಮನಿದ್ದರು. ಅವನಿಗೆ ಈಗ ಉಳಿದದ್ದು ಎರಡು ಸೂಟ್‌ಕೇಸು. ಇಳಿಜಾರಿನ ಪ್ರತಿ ಮನೆಯಲ್ಲೂ ಇರುವಂಥ ಎರಡು ಸೂಟ್‌ಕೇಸು.

ಸಂಘದ ಅಧ್ಯಕ್ಷ ಮೈಕು ಹಿಡಿದು ಬಂದ. ಫ್ರೀವೇ ಹತ್ತುವ ಮೊದಲು ಫಲಕ ತೆರೆದುಬಿಡೋಣ, ಆಮೇಲೆ ಗದ್ದಲದಲ್ಲಿ ಕೇಳಿಸುವುದಿಲ್ಲ ಎಂದ. ನಲವತ್ತು ಬಿಳಿ ತಲೆಗಳು ತಿರುಗಿದವು. ಕ್ಯಾರಲ್ ಕೈಚೀಲದಿಂದ ಕರವಸ್ತ್ರ ತೆಗೆದಿಟ್ಟುಕೊಂಡಳು, ಅಳುವುದಕ್ಕೆ.

ಮೈಕು ಅವನ ಕೈಗೆ ಬಂತು. ಹೇಳಿಬಿಡಬೇಕು, ಎಂದುಕೊಂಡ. ಇದು ತಪ್ಪು, ಈ ಮನುಷ್ಯ ಇಲ್ಲಿ ಟೊಮೆಟೊ ತುಂಬಿದವರು, ಕ್ಷಮಿಸಿ. ಒಂದು ನಿಮಿಷದ ಕೆಲಸ. ಅಜ್ಜನ ಕಡೆ ನೋಡಿದ. ದೇವದಾಸ್ ಟೊಪ್ಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಒಳಗಿನ ಪೇಪರು ಒಂದು ಕಡೆ ಹೊರಗೆ ಬಂದಿತ್ತು. ಅವರ ಮುಖದಲ್ಲಿ ಹೆದರಿಕೆ ಇರಲಿಲ್ಲ, ಹೇಳು ಎನ್ನುವಂತಿತ್ತು. ಅದೇ ಅವನನ್ನು ಕೆರಳಿಸಿತು.

"ದಿಸ್ ಈಸ್ ಮೈ ಗ್ರ್ಯಾಂಡ್‌ಫಾದರ್," ಎಂದ ಧನುಷ್. "ಹತ್ತು ವರ್ಷ ಈ ರಸ್ತೆಯಲ್ಲಿ ಬಸ್ಸು ಓಡಿಸಿದವರು."

ಬಟ್ಟೆ ಎಳೆದ. ಹಿತ್ತಾಳೆ ಹೊಳೆಯಿತು. ಜನ ಚಪ್ಪಾಳೆ ತಟ್ಟಿದರು, ಕೆಳಗಿನ ಎರಡು ಪದ ಓದಿ ನಕ್ಕರು. ಹಿಂದೆ ತಿರುಗಿ ಮುದುಕನಿಗೆ ಮತ್ತೆ ಚಪ್ಪಾಳೆ ತಟ್ಟಿದರು.

ದೇವದಾಸ್ ಎದ್ದರು. ಐವತ್ತು ವರ್ಷ ಈ ನೆಲದಲ್ಲಿ ಇದ್ದವರು, ಮೊಮ್ಮಗ ಆಡಿದ ಇಂಗ್ಲಿಷು ಪೂರ್ತಿ ತಿಳಿದಿತ್ತು.

"ನಾನು ಇಳೀತೇನೆ," ಎಂದರು ಕನ್ನಡದಲ್ಲಿ.

"ಕೂತ್ಕೊಳಿ ಅಜ್ಜ."

"ಇಳೀಬೇಕು ನಂಗೆ."

"ಇಲ್ಲಿ ಸ್ಟಾಪಿಲ್ಲ. ಪ್ಲೀಸ್. ಎಲ್ರೂ ನೋಡ್ತಿದಾರೆ."

ಬಸ್ಸು ಫ್ರೀವೇ ಹತ್ತುವ ತಿರುವಿಗೆ ಬಂದಿತ್ತು. ದೇವದಾಸ್ ಕೊನೆಯ ಸೀಟಿನ ಹಿಂದೆ, ಎಡಗಡೆಯ ಮೂಲೆಗೆ ಹೋದರು. ಅವರ ಇಂಗ್ಲಿಷು ಅವರಿಗಿಂತ ಮೊದಲೇ ಎಲ್ಲೋ ಇಳಿದುಹೋಗಿತ್ತು. ಬೆನ್ನು ನೆಟ್ಟಗಾಯಿತು, ಕೈ ತಾನಾಗಿ ಮೇಲೆದ್ದಿತು. ತಗಡಿಗೆ ಎರಡು ಸಲ ಬಡಿದರು. ಬಸ್ಸಿನ ಉದ್ದಕ್ಕೂ ಹೋಗಿ ಡ್ರೈವರನ ಬೆನ್ನಿಗೆ ತಾಗುವಂಥ, ಎಂಬತ್ತೇಳು ವರ್ಷದ ಎದೆಯಲ್ಲಿ ಇರಲಾರದಂಥ ದನಿ ಬಂತು.

"ಹೋಲ್ಡಾನ್."

ಇಡೀ ಬಸ್ಸು ಸಂತೋಷದಿಂದ ಹೋ ಎಂದಿತು. ನಲವತ್ತು ಜನ ಎರಡೂ ಕೈಯಲ್ಲಿ ಮುಂದಿನ ಸೀಟಿನ ಸರಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಕ್ಯಾರಲ್ ಕಣ್ಣೊರೆಸುತ್ತಲೇ ಹಿಡಿದುಕೊಂಡಳು. ಡ್ರೈವರು ಕನ್ನಡಿಯಲ್ಲಿ ನೋಡಿ ಹೆಬ್ಬೆರಳು ಎತ್ತಿ ತೋರಿಸಿದ, ಗೇರು ಬದಲಿಸಿ ಆಕ್ಸಿಲರೇಟರ್ ಒತ್ತಿದ.

"ಹೋಲ್ಡಾನ್, ಹೋಲ್ಡಾನ್," ಎಂದರು ದೇವದಾಸ್. ಬಡಿದರು. ಕೂಗಿದಷ್ಟೂ ಜನ ಬಿಗಿಯಾಗಿ ಹಿಡಿದರು, ಹಿಡಿದಷ್ಟೂ ಬಸ್ಸು ವೇಗವಾಯಿತು. ಕೊಲ್ಲಿಯ ನೀರು ಬಲಕ್ಕೆ ಕಾಣಿಸಿಕೊಂಡಿತು. ಬಾಗಿಲಿಲ್ಲದ ಕಡೆ ಆ ಮುದುಕ ಒಂದು ಕಾಲು ಮುಂದಿಟ್ಟು, ಇಳಿಯುವವನ ಹಾಗೆ ನಿಂತಿದ್ದರು.

ಕಂಡಕ್ಟರನ ಬಾಯಲ್ಲಿ ಆ ಪದಕ್ಕೆ ನಿಲ್ಲಿಸು ಎಂದು ಅರ್ಥ ಎನ್ನುವುದು ಆ ಬಸ್ಸಿನಲ್ಲಿ ಇನ್ನೊಬ್ಬನಿಗೆ ಮಾತ್ರ, ಅದೂ ಈಗಷ್ಟೇ, ಹೊಳೆದಿತ್ತು. ಮೈಕು ಇನ್ನೂ ಅವನ ಎಡಗೈಯಲ್ಲೇ ಇತ್ತು. ಅವನು ಬಲಗೈಯನ್ನು ನೋಡಿದ. ಅದು ಸರಳನ್ನು ಗಟ್ಟಿಯಾಗಿ ಹಿಡಿದಿತ್ತು.