ಡಾಕಪ್ಪನ ಮುಕ್ಕಾಲು ಸಿನೆಮಾಗಳು

ಕುಪ್ಪೇಲೂರಿನ ಡಾಕಪ್ಪ ನೋಡಿದ ಸಿನೆಮಾಗಳಿಗೆ ಲೆಕ್ಕವಿಲ್ಲ. ಕೊನೆಯ ತನಕ ನೋಡಿದ್ದು ಮಾತ್ರ ಒಂದೂ ಇಲ್ಲ. ಸಂತೆಯ ದಿನ ಕಾಯಿಪಲ್ಲೆ ಹೇರಿಕೊಂಡು ರಾಣೇಬೆನ್ನೂರಿಗೆ ಹೋಗಿ, ಮಾರಿ, ಬುಟ್ಟಿ ಝಾಡಿಸಿ, ನಳದ ಕೆಳಗೆ ಕೈಕಾಲು ತೊಳೆಯುವಷ್ಟರಲ್ಲಿ ಮ್ಯಾಟಿನಿ ಬಿಟ್ಟಿರುತ್ತಿತ್ತು. ಫಸ್ಟ್ ಶೋಗೆ ಹೋಗಿ ಕೂತನೋ, ನಾಯಕ ಖಳನ ಕೊರಳಪಟ್ಟಿಗೆ ಕೈ ಹಾಕುವ ಹೊತ್ತಿಗೆ ಸರಿಯಾಗಿ ಕುಪ್ಪೇಲೂರಿನ ವಸ್ತಿ ಬಸ್ಸು ಹೊರಡುವ ಸಮಯವಾಗುತ್ತಿತ್ತು. ರಾತ್ರಿ ಊರಲ್ಲೇ ನಿಂತು ಬೆಳಿಗ್ಗೆ ತಿರುಗಿ ಬರುವ ಬಸ್ಸದು. ಅದರ ನಂತರ ಬೇರೆ ಬಸ್ಸಿಲ್ಲ. ಮನೆಯಲ್ಲಿ ತಾಯಿ ಮುದುಕವ್ವ ಮಗ ಬಾರದೆ ತುತ್ತು ಎತ್ತುವವಳಲ್ಲ. ಡಾಕಪ್ಪ ಪರದೆಯ ಕಡೆಗೇ ಮುಖ ಇಟ್ಟುಕೊಂಡು, ಹಿಂದೆ ಹಿಂದೆ ಹೆಜ್ಜೆ ಹಾಕುತ್ತ, ಯಾರದೋ ಕಾಲು ತುಳಿದು ಬೈಸಿಕೊಳ್ಳುತ್ತ ಹೊರಗೆ ಬರುತ್ತಿದ್ದ.

ಊಟಕ್ಕೆ ಕೂತಾಗ ಕಥೆ ಶುರು. ಮಗಳು ಉಡಚವ್ವ ಆಗಿನ್ನೂ ಚಿಕ್ಕವಳು. ಅಜ್ಜಿಯ ಸೀರೆಯ ಸೆರಗು ಸುತ್ತಿಕೊಂಡು, ಬಾಯಿಯ ತುತ್ತು ನುಂಗುವುದನ್ನೂ ಮರೆತು ಕೇಳುತ್ತಿದ್ದಳು.

“ಆಮ್ಯಾಲೆ?” ಎನ್ನುವಳು ಮುದುಕವ್ವ.

“ಆಮ್ಯಾಲೆ ಬಸ್ ಬಂತು ಯವ್ವಾ.”

“ಸುಡಗಾಡ ಬಸ್ಸು! ಆ ಹುಡಿಗಿ ಏನಾತೋ?”

“ನನಗೇನ ಗೊತ್ತು? ಕಳ್ಳರು ಕಂಬಕ್ಕ ಕಟ್ಟಿದ್ರು. ಹಂಗಽ ಬಿಟ್ಟ ಬಂದೇನಿ.”

“ಕಟ್ಟಿ ಹಾಕಿದ ಹುಡಿಗೀನ ಬಿಟ್ಟ ಬಂದಿಯಾ? ಎಂಥಾ ಗಂಡಸೋ ನೀನು!”

ಒಲೆಯ ಮುಂದಿನಿಂದ ಡಾಕಪ್ಪನ ಹೆಂಡತಿ ರೇಣುಕವ್ವ, “ಅತ್ತೀ, ನೀವು ತಾಯಿ ಮಗ ಕೂಡಿ ಒಂದು ಟಾಕೀಸ ತಗೀರಿ. ಇಲ್ಲೆ ರೊಟ್ಟಿ ಆರಾಕತ್ತಾವು,” ಎನ್ನುವಳು.

ಸಿನೆಮಾ ಅಂದರೆ ಬಿಳೀ ಗೋಡೆಯೋ ಬಿಳೀ ಬಟ್ಟೆಯೋ ಎಂದೂ ಗೊತ್ತಿಲ್ಲದ ಮುದುಕವ್ವ, ರೊಟ್ಟಿ ಮುರಿಯುತ್ತಲೇ ಕಥೆಯನ್ನು ಮುಂದಕ್ಕೆ ಎಳೆಯುತ್ತಿದ್ದಳು. ಕಂಬಕ್ಕೆ ಕಟ್ಟಿದ ಹುಡುಗಿಯ ಬಳಿ ಹಿಂದೆ ಅವಳ ಕೈಯಿಂದ ಕಾಳು ತಿಂದ ಗುಬ್ಬಿಗಳು ಬಂದು ಹಗ್ಗ ಕುಕ್ಕಿ ಬಿಡಿಸುವವು. ಸುಳ್ಳು ಸಾಕ್ಷಿ ಹೇಳಿದ ಸಾಹುಕಾರನ ನಾಲಿಗೆ ಕೋರ್ಟಿನಲ್ಲೇ ಕಲ್ಲಾಗುವುದು. ಡಾಕಪ್ಪ ಬಾಯಿ ತೆರೆದು ಕೇಳುತ್ತಿದ್ದ. ಸೆಕೆಂಡ್ ಶೋ ನೋಡಿ ಬಂದ ಊರ ಹುಡುಗರು ಮರುದಿನ ಕಟ್ಟೆಯ ಮೇಲೆ, “ಡಾಕಪ್ಪಣ್ಣಾ, ನಿನ್ನ ಹೀರೋಯಿನ್ ಸತ್ತಳೋ!” ಎಂದು ಕೂಗಿದರೆ, ಕಿವಿ ಮುಚ್ಚಿಕೊಂಡು ಓಡುತ್ತಿದ್ದ.

ಒಂದೇ ಒಂದು ಸಿನೆಮಾದಲ್ಲಿ ಅವನಿಗೆ ಅವ್ವನ ಕೊನೆ ಒಪ್ಪಿಗೆಯಾಗಲಿಲ್ಲ. ಅದೊಬ್ಬ ಅಂಬಿಗನ ಕಥೆ. ಹೊಳೆ ಬಂದ ದಿನ ಅವನ ಕೈ ಜಾರಿ ಹೋದ ಹೆಣ್ಣು ಕೂಸು ಆಚೆ ದಂಡೆಯ ಗೌಡರ ಮನೆಯಲ್ಲಿ ಬೆಳೆಯುತ್ತದೆ. ವರ್ಷಗಳಾದ ಮೇಲೆ ಅದೇ ಹುಡುಗಿ, ಮತ್ತೆ ಹೊಳೆ ತುಂಬಿದ ದಿನ, ಅದೇ ಅಂಬಿಗನ ದೋಣಿಗೆ ಕಾಲಿಡುತ್ತಾಳೆ. ಅಲ್ಲಿಗೆ ಬಸ್ಸು ಬಂದಿತ್ತು.

“ನಡು ಹೊಳ್ಯಾಗ ಆಕಿ ಅಪ್ಪನ ಗುರುತ ಹಿಡೀತಾಳ, ದೋಣಿ ದಂಡಿಗೆ ಹತ್ತತೈತಿ, ಮುಗೀತು,” ಎಂದಳು ಮುದುಕವ್ವ.

“ಇಲ್ಲ ಯವ್ವಾ. ಸಿನೆಮಾದವ್ರು ಅಷ್ಟು ಲಗೂ ಬಿಡೂದಿಲ್ಲ,” ಎಂದು ಡಾಕಪ್ಪ ಮೊದಲ ಸಲ ತಲೆ ಆಡಿಸಿದ. ಮುಂದೆ ಎಷ್ಟೋ ಸಲ, ಬದನೆಕಾಯಿ ಹರಿಯುವಾಗ, ಎತ್ತಿನ ಮೈ ತೊಳೆಯುವಾಗ, “ಗುರುತ ಹಿಡದಿದ್ದಾಳ ಅಂತೀಯೇನ ಉಡಚವ್ವಾ?” ಎಂದು ಮಗಳನ್ನು ಕೇಳುತ್ತಿದ್ದ.

ಮುದುಕವ್ವ ತೀರಿಕೊಂಡಳು. ಮನೆಯಲ್ಲಿ ಕಥೆ ಮುಗಿಸುವವರು ಇಲ್ಲವಾದರು. ಕೆಲ ವರ್ಷಗಳಲ್ಲಿ ಉಡಚವ್ವನನ್ನು ರಾಣೇಬೆನ್ನೂರಿಗೇ ಕೊಟ್ಟರು. ಗಂಡ ನಿಜಲಿಂಗಪ್ಪನದು ಹಿಟ್ಟಿನ ಗಿರಣಿ; ಬ್ಯಾಡಗಿಯಿಂದ ಮೆಣಸಿನಕಾಯಿ ತಂದು ಖಾರ ಬೀಸಿ ಮಾರುವುದೂ ಇತ್ತು. ಮನೆ ಟಾಕೀಸಿನ ಹಿಂದಿನ ಓಣಿಯಲ್ಲಿ. ಹುಡುಗ ಹೇಗಿದ್ದಾನೆ ಎಂದು ಊರವರು ಕೇಳಿದರೆ ಡಾಕಪ್ಪ, “ಹಿತ್ತಲ ಗ್ವಾಡಿ ಟಾಕೀಸಿನ ಗ್ವಾಡಿ ಒಂದಽ ಅಂತ!” ಎಂದು ಉತ್ತರ ಕೊಡುತ್ತಿದ್ದನಂತೆ.

ಈಗಾದರೂ ಅಪ್ಪ ಒಂದು ಸಿನೆಮಾ ಪೂರ್ತಿ ನೋಡುತ್ತಾನೆ ಎಂದುಕೊಂಡಿದ್ದಳು ಉಡಚವ್ವ. ಆದರೆ ಬೀಗರ ಮನೆಯಲ್ಲಿ ಕರೆಯದೆ ಉಳಿಯುವವನಲ್ಲ ಡಾಕಪ್ಪ. ಕರೆಯುವುದು ಹಿರಿಯರ ಮಾತು. ಅತ್ತೆ ಗದಿಗೆವ್ವ ಅವನು ಬಂದಾಗಲೆಲ್ಲ ಚಹಾ ಕೊಡುವಳು, ಎಲೆ ಅಡಿಕೆಯ ತಾಟು ಮುಂದೆ ಸರಿಸುವಳು, ಊರ ಕಡೆ ಎಲ್ಲ ಹೇಗೆ ಎಂದು ಕೇಳುವಳು. ‘ಇವತ್ತ ಇಲ್ಲೇ ಇರ್ರಿ’ ಎನ್ನುವುದೊಂದು ಮಾತ್ರ ಅವಳ ಬಾಯಿಂದ ಬರುತ್ತಿರಲಿಲ್ಲ. ಅತ್ತೆ ಹೇಳದ್ದನ್ನು ಸೊಸೆ ಹೇಳುವುದು ಹೇಗೆ? ಡಾಕಪ್ಪ ಸೊಪ್ಪಿನ ಗಂಟು ಇಟ್ಟು, ಮಗಳ ಮುಖ ನೋಡಿ, ಫಸ್ಟ್ ಶೋಗೆ ಹೋಗಿ, ನಡುವೆಯೇ ಎದ್ದು ಬಸ್ಸು ಹಿಡಿಯುತ್ತಿದ್ದ. ಇತ್ತ ಉಡಚವ್ವ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ, ಅಪ್ಪ ಬಿಟ್ಟುಹೋದ ಕಾಲುಭಾಗವನ್ನು ಗೋಡೆಯಾಚೆಯಿಂದ ಕೇಳುತ್ತಿದ್ದಳು.

ಹೀಗಿರುವಾಗ ಒಂದು ದಿನ ಡಾಕಪ್ಪ ಸಂತೆಯಲ್ಲದ ದಿನ ಬಂದ. ಕೈಯಲ್ಲಿ ಬುಟ್ಟಿಯಿಲ್ಲ. ಒಗೆದ ಧೋತರ, ಇಸ್ತ್ರಿಯ ಅಂಗಿ. ಉಡಚವ್ವ ನೀರಿನ ತಂಬಿಗೆ ಮುಂದೆ ಹಿಡಿದರೆ ಅವನ ಕೈ ಅದರ ಪಕ್ಕದ ಗಾಳಿಯನ್ನು ಹಿಡಿಯಿತು.

“ಎಲ್ಲಿ ಲಕ್ಷ್ಯ ಐತೆಪ್ಪಾ? ಈಗಽ ಟಾಕೀಸಿನ್ಯಾಗ ಹೋಗಿ ಕುಂತೀ ಏನು?” ಎಂದು ನಕ್ಕಳು.

ಅವನೂ ನಕ್ಕ. ಒಳಗೆ ಅಕ್ಕಿ ಹಸನು ಮಾಡುತ್ತಿದ್ದ ಗದಿಗೆವ್ವನಿಗೆ, “ಅಕ್ಕಾರ, ಆರಾಮ ಇದ್ದೀರೇನ್ರಿ?” ಎಂದು ಕೇಳಿದ. ಕುಶಲದ ಮಾತೆಲ್ಲ ಆದ ಮೇಲೆ, ಟವೆಲ್ಲಿನ ಚುಂಗಿನಿಂದ ಕಣ್ಣೊರೆಸಿಕೊಂಡು ಮೆಲ್ಲಗೆ ಹೇಳಿದ: “ಅಂಬಿಗನ ಪಿಕ್ಚರ್ ಮತ್ತ ಹಚ್ಚ್ಯಾರಂತಲ್ಲವ್ವಾ.”

“ಹೂಂ, ಹಚ್ಚ್ಯಾರ. ದಿನಾ ಅಳೂದು ಕೇಳಸ್ತೈತಿ ಹಿತ್ತಲದಾಗ.”

“ಯಾರ ಅಳ್ತಾರ? ಅಂವನೋ, ಮಗಳೋ?” ಎಂದವನು ತಕ್ಷಣ ಕೈ ಎತ್ತಿದ. “ಬ್ಯಾಡ, ಬ್ಯಾಡ. ಹೇಳಬ್ಯಾಡ.” ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, “ಇವತ್ತ ಪೂರ್ತಿ ನೋಡಬೇಕನಿಸೇತಿ,” ಎಂದ.

ಅಕ್ಕಿಯ ಮೊರದಲ್ಲಿ ಆಡುತ್ತಿದ್ದ ಗದಿಗೆವ್ವನ ಕೈ ನಿಂತಿತು. ಉಡಚವ್ವ ಅತ್ತೆಯ ಕಡೆ ನೋಡಿದಳು. ಅಪ್ಪ ನೆಲ ನೋಡುತ್ತಿದ್ದ. ಅತ್ತೆಯ ಕೈ ಮತ್ತೆ ಅಕ್ಕಿಯಲ್ಲಿ ಆಡತೊಡಗಿತು. ಆ ಮೌನ ತಾಳಲಾರದೆ, ಏನಾದರೊಂದು ಮಾತು ಬೇಕಲ್ಲ ಎಂದು, ಉಡಚವ್ವನ ಬಾಯಿಂದ ಬಂದದ್ದು ಇಷ್ಟು:

“ಬಸ್ ಎಷ್ಟಕ್ಕ ಐತೆಪ್ಪಾ?”

ಡಾಕಪ್ಪ ತಲೆ ಎತ್ತಿದ. “ಹೌದಲ್ಲವ್ವಾ! ಬಸ್ಸಿನ ಖಬರಽ ಇರಲಿಲ್ಲ ನೋಡ ನನಗ,” ಎಂದು ದೊಡ್ಡದಾಗಿ ನಕ್ಕು, ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೋದ.

ಆ ಸಂಜೆ ಹಿತ್ತಲಲ್ಲಿ ಅವಳಿಗೆ ನೀರಿನ ಮೊರೆತ ಕೇಳಿತು, ಗುಡುಗು ಕೇಳಿತು. ಒಂದು ಕೂಗು. ಆಮೇಲೆ ಬಹಳ ಹೊತ್ತು ಅಳು. ಅಷ್ಟರಲ್ಲಿ ಅಪ್ಪ ಬಸ್ಸಿನಲ್ಲಿ ಕಿಟಕಿಯ ಬದಿ ಕೂತಿರುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಬೂದಿ ಹಚ್ಚಿದ ಪಾತ್ರೆ ಕೈಯಲ್ಲೇ ಉಳಿಯಿತು.

ಮುಂದಿನ ಸಂತೆಗೆ ಡಾಕಪ್ಪ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಮೊಣಕಾಲು ನೋವಂತೆ ಎಂದು ಊರ ಕಡೆಯವರು ಹೇಳಿದರು. ಸುಗ್ಗಿಯ ಕಾಲ, ಗಿರಣಿಯಲ್ಲಿ ಬಿಡುವಿಲ್ಲ, ಮಡಿಲಲ್ಲಿ ತನ್ನ ಕೂಸು ಬೇರೆ. ಉಡಚವ್ವನಿಗೂ ಹೋಗಿ ಬರಲು ಆಗಲಿಲ್ಲ.

ಒಂದು ಬೆಳಿಗ್ಗೆ ಟಾಕೀಸಿನ ಗೇಟ್‌ಕೀಪರ್ ಬುಡನಸಾಬ ಜೋಳ ಬೀಸಿಸಲು ಗಿರಣಿಗೆ ಬಂದ. ಗಂಡನಿಗೆ ಚಹಾ ತಂದ ಉಡಚವ್ವನನ್ನು ಕಂಡು, “ಅಪ್ಪಾರ ಕಣ್ಣು ಹೆಂಗದಾವ ತಂಗೀ?” ಎಂದು ಕೇಳಿದ.

“ಕಣ್ಣಿಗೇನಾಗೇತಿ ಕಾಕಾ?”

ಬುಡನಸಾಬ ಗಲಿಬಿಲಿಗೊಂಡ. ಚೀಲದ ಬಾಯಿ ಬಿಚ್ಚುತ್ತ, ಕಟ್ಟುತ್ತ, ಕೊನೆಗೆ ಹೇಳಿದ. “ಅವತ್ತ ಹಾವೇರ್ಯಾಗ ಡಾಕ್ಟರಿಗೆ ತೋರಿಸ್ಕೊಂಡಽ ಬಂದಿದ್ರವಾ. ಕಣ್ಣಿನ ನರ ಒಣಗಾಕತ್ತಾವಂತ. ಇನ್ನ ಭಾಳ ದಿನ ಇಲ್ಲ, ಏನೇನ ನೋಡೂದೈತಿ ನೋಡ್ಕೊಂಬಿಡ್ರಿ ಅಂದ್ರಂತ. ‘ಮುಂದಿನ ಸಾಲಿಗೆ ಕುಂದ್ರಸೋ ಬುಡನಸಾಬ, ಇವತ್ತ ಅಂಬಿಗಂದು ಮುಗಿಸಿಽ ಏಳಾಂವ’ ಅಂತ ಹೇಳಿ ನಿಮ್ಮ ಮನಿಗೆ ಹ್ವಾದ್ರು. ಆಮ್ಯಾಲ ನೋಡಿದ್ರ ದಿನದಂಗ ನಡುವಽ ಎದ್ದ ಬಂದ್ರು. ಬಾಗಲದ ಪರದೆ ಹಿಡಕೊಂಡು ನಿಂತಿದ್ರು ಸ್ವಲ್ಪೊತ್ತು. ಮಗಳ ಮನಿ ಇಲ್ಲೇ ಐತೆಲ್ಲೋ ಮಾರಾಯಾ ಅಂದೆ. ‘ಮಗಳು ಬಸ್ಸಿನ ನೆನಪ ಮಾಡ್ಯಾಳಪಾ’ ಅಂತ ನಕ್ಕೊಂತ ಹ್ವಾದ್ರು.”

ಗಿರಣಿಯ ಪಟ್ಟೆಯ ಸದ್ದಿನಲ್ಲಿ ಉಡಚವ್ವನಿಗೆ ಮುಂದಿನದು ಕೇಳಿಸಲಿಲ್ಲ.

ಒಳಗೆ ಬಂದು ಒಲೆಯ ಮುಂದೆ ಕೂತು ಅತ್ತಳು. ಗದಿಗೆವ್ವ ಬಂದು ಕೇಳಿದಳು, ಕೇಳಿ ಅಲ್ಲೇ ಗೋಡೆಗೆ ಒರಗಿ ಕುಸಿದಳು. “ನಾ ಏನ ತಿಳಕೊಂಡಿದ್ನೆವಾ! ಬೀಗರು ಮಾನದ ಮನಷ್ಯಾ. ಇರ್ರಿ ಅಂದ್ರ ಒಲ್ಲೆ ಅಂದಾರು, ಒಮ್ಮೆ ಒಲ್ಲೆ ಅನಿಸ್ಕೊಂಡ್ರ ಮತ್ತ ಕರಿಯಾಕ ನನಗ ಬಾಯಿ ಬರೂದಿಲ್ಲ ಅಂತ ಸುಮ್ಮನಿದ್ದೆ. ನೀ ಒಂದ ಮಾತ ಅಂದಿದ್ರ ನಾ ಹಿಂದಿಂದ ಒತ್ತಿ ಹೇಳ್ತಿದ್ದೆ. ಬಾಯಾಗ ಬಂದಿತ್ತು ಮಾತು. ಅಷ್ಟರಾಗ ನೀನಽ ಬಸ್ ಕೇಳಿದಿ! ಊರಾಗ ಏನ ಅವಸರ ಐತೋ ಅಂದ್ಕೊಂಡೆ.”

ಒಬ್ಬರ ಮುಖ ಒಬ್ಬರು ನೋಡಿದರು. ಬೈಯಲು ಯಾರೂ ಸಿಗಲಿಲ್ಲ.

“ನಾಳೆ ಹೋಗಿ ಕರಕೊಂಡ ಬಾ,” ಎಂದಳು ಗದಿಗೆವ್ವ. “ನಾ ಹೇಳೇನಂತ ಹೇಳು.”

ಡಾಕಪ್ಪ ಬಂದ, ಮಗಳ ಭುಜ ಹಿಡಿದು. ಅವನ ಕಣ್ಣಲ್ಲಿ ಬೆಳಕು ಕತ್ತಲೆಯ ವ್ಯತ್ಯಾಸವಷ್ಟೇ ಉಳಿದಿತ್ತು. ಗದಿಗೆವ್ವ ಹೊಸ್ತಿಲಲ್ಲೇ, “ಎಂಟ ದಿನ ಬಿಡೂದಿಲ್ಲ ಅಣ್ಣಾ, ಈಗಽ ಹೇಳೇನಿ,” ಎಂದಳು. “ಆತ ಬಿಡ್ರಿ ಅಕ್ಕಾರ,” ಎಂದ ಅವನು. ಇಷ್ಟು ಸರಳವಾಗಿತ್ತು ಅದು.

ಅಂಬಿಗನ ಸಿನೆಮಾ ಎಂದೋ ಬೇರೆ ಊರಿಗೆ ಹೋಗಿತ್ತು. ಈಗ ನಡೆಯುತ್ತಿದ್ದದ್ದು ಅಣ್ಣ ತಮ್ಮಂದಿರ ಹೊಡೆದಾಟದ ಚಿತ್ರ. ಆದರೂ ಉಡಚವ್ವ ಅಪ್ಪನನ್ನು ಫಸ್ಟ್ ಶೋಗೆ ಕರೆದುಕೊಂಡು ಹೋದಳು. ಬುಡನಸಾಬ ಒಳ್ಳೆಯ ಜಾಗ ನೋಡಿ ಕೂರಿಸಿದ. ಅವಳು ಅಪ್ಪನ ಕಿವಿಗೆ ಬಾಯಿಟ್ಟು ಹೇಳತೊಡಗಿದಳು: “ಈಗ ಸಣ್ಣಾಂವ ಮಾಳಿಗಿ ಮ್ಯಾಲಿಂದ ಜಿಗದ... ಕೈಯಾಗ ಕೊಡ್ಲಿ ಐತಿ...”

ಹಿಂದಿನಿಂದ ಯಾರೋ ರೇಗಿದರು. “ಏ ಯಕ್ಕಾ, ನಮಗೂ ಕಣ್ಣ ಅದಾವಬೇ. ಬಾಯಿ ಮುಚ್ಕೊಂಡ ಕುಂದ್ರು!”

ಡಾಕಪ್ಪ ತಿರುಗಿದ. “ನನಗಿಲ್ಲೋ ತಮ್ಮಾ,” ಎಂದ.

ಸ್ವಲ್ಪ ಹೊತ್ತಿನ ಮೇಲೆ ಅದೇ ದನಿ, ಈ ಸಲ ಮೆತ್ತಗೆ, “ಹೇಳಬೇ ಯಕ್ಕಾ, ಹೇಳು,” ಎಂದಿತು.

ಚಿತ್ರ ಮುಕ್ಕಾಲು ಕಳೆದಿರಬೇಕು, ಡಾಕಪ್ಪ ಮೊಣಕಾಲಿಗೆ ಕೈಯೂರಿ ಎದ್ದ. ಗಡಿಯಾರವಿಲ್ಲ, ಕಣ್ಣಿಲ್ಲ, ಬಸ್ಸಿನ ಹೊತ್ತು ಮೈಗೇ ಗೊತ್ತಾಗಿತ್ತು. ಉಡಚವ್ವ ಅವನ ಅಂಗಿಯ ತುದಿ ಹಿಡಿದು ಎಳೆದಳು. “ಕುಂದ್ರಪ್ಪಾ. ಇನ್ನೂ ಐತಿ.” ಅವನು ಕೂತ. ಅಲ್ಲಿಂದ ಮುಂದೆ ಅವಳು ಕಥೆ ಹೇಳುವುದನ್ನು ಬಿಟ್ಟು, ಅವನ ಅಂಗಿಯ ತುದಿ ಹಿಡಿದೇ ಕೂತಳು. ಅವನೂ ‘ಆಮ್ಯಾಲೆ’ ಎಂದು ಕೇಳಲಿಲ್ಲ. ಪರದೆಯ ಮೇಲೆ ಅಣ್ಣ ತಮ್ಮಂದಿರು ಅಪ್ಪಿಕೊಂಡರು, ತಾಯಿ ಕಣ್ಣೊರೆಸಿಕೊಂಡಳು, ದೀಪ ಹತ್ತಿತು, ಕುರ್ಚಿಗಳು ಪಟಪಟ ಮಡಚಿಕೊಂಡವು.

“ಮುಗೀತೇನು?”

“ಮುಗೀತೆಪ್ಪಾ.”

ಡಾಕಪ್ಪ ಕಿವಿಗೊಟ್ಟು ಕೂತಿದ್ದ. ಚಪ್ಪಲಿಗಳ ಸದ್ದು, ಬೀಡಿ ಕಡ್ಡಿ ಗೀರುವ ಸದ್ದು, ನಾಳಿನ ಬಾಡಿಗೆ ಗಾಡಿಯ ಮಾತು. “ಎಲ್ಲಾರೂ ಹಿಂಗಽ ಎದ್ದ ಹೋಗ್ತಾರ?” ಎಂದು ಕೇಳಿದ.

“ಹೂಂ.”

“ನಾ ಏನೋ ತಿಳಕೊಂಡಿದ್ದೆ.”

ಟಾಕೀಸು ಖಾಲಿಯಾಯಿತು. ಎದ್ದೇಳಲೆಂದು ಅವಳು ಕೈ ಹಿಡಿದಾಗ ಅವನು ಕೇಳಿದ, “ಆ ಅಂಬಿಗಂದು... ಮಗಳು ಗುರುತ ಹಿಡದ್ಲೇನವ್ವಾ?”

ಹೇಳಿಬಿಡಬಹುದಿತ್ತು. ಹೊಳೆ ಇಳಿಯಿತು, ದೋಣಿ ದಂಡೆಗೆ ಹತ್ತಿತು ಎಂದು. ಅಜ್ಜಿಯ ತೊಡೆಯ ಮೇಲೆ ಬೆಳೆದವಳಿಗೆ ಅದೇನು ಕಷ್ಟ? ಆದರೆ ಅವನ ಮುಖ ಅವಳ ದನಿ ಬರುವ ದಿಕ್ಕಿಗೆ ನೆಟ್ಟಿತ್ತು.

“ನಾನೂ ನೋಡಲಿಲ್ಲೆಪ್ಪಾ,” ಎಂದಳು. “ಬರೇ ಅಳೂದು ಕೇಳಿತ್ತು.”

“ಭಾಳ ದಿನ ಇತ್ತಂತಲ್ಲ ಇಲ್ಲೆ.”

“ಇತ್ತು.”

ಡಾಕಪ್ಪ ತಲೆಯಾಡಿಸಿದ. ಸಿಟ್ಟಿರಲಿಲ್ಲ ಅದರಲ್ಲಿ. “ಇಬ್ಬರಾಗ ಒಬ್ಬರರೆ ನೋಡಬೇಕಿತ್ತವ್ವಾ,” ಎಂದ.

ಬಾಗಿಲಲ್ಲಿ ಬುಡನಸಾಬ ಸೆಕೆಂಡ್ ಶೋದವರನ್ನು ತಡೆದು ನಿಲ್ಲಿಸಿಕೊಂಡು, ಇವರು ಹೊರಬರುವುದನ್ನೇ ಕಾಯುತ್ತಿದ್ದ. ಉಡಚವ್ವ ಅಪ್ಪನ ಕೈ ತನ್ನ ಭುಜದ ಮೇಲಿಟ್ಟುಕೊಂಡಳು.